ಪುಟ್ಟ ಯಂತ್ರಕ್ಕೆ ಹೊಸ ಉಗ್ರಾಣ

ಕಳೆದ ನವರಾತ್ರಿಯಲ್ಲಿ, ಬೊಂಬೆ ಕೂರಿಸುವ ಗಡಿಬಿಡಿಯ ನಡುವೆ, ನಮ್ಮ ಮಗಳು ತನ್ನ ಪುಟ್ಟ ಲ್ಯಾಪ್‌ಟಾಪನ್ನು ಎತ್ತಿಕೊಂಡು ಬಂದಳು. “ಅಪ್ಪಾ, ಇದರೊಳಗೆ ಏನೋ ಟಿಕ್ ಟಿಕ್ ಎನ್ನುತ್ತಿದೆ, ಕೇಳು” ಎಂದಳು. ಕಿವಿಗೊಟ್ಟೆ. ಸದ್ದು ಗಡಿಯಾರದ್ದರಂತಿತ್ತು, ಗಡಿಯಾರದ ಕ್ರಮ ಮಾತ್ರ ಅದಕ್ಕಿರಲಿಲ್ಲ.

ಯಂತ್ರದ ಉಗ್ರಾಣವಾದ ಹಾರ್ಡ್ ಡಿಸ್ಕು ಕೊನೆಗಾಲಕ್ಕೆ ಬಂದಿತ್ತು. ಅದರಲ್ಲಿದ್ದ ಲೆಕ್ಕಪತ್ರಗಳೂ ಸಿನಿಮಾಗಳೂ ಹೋದರೆ ಹೋಗಲಿ ಎನ್ನಬಹುದಿತ್ತು. ಆದರೆ ನಮ್ಮ ತಾಯಿಯವರು ತೀರಿಕೊಳ್ಳುವುದಕ್ಕೆ ಒಂದು ವರ್ಷ ಮೊದಲು, ಅಡಿಗೆಮನೆಯಲ್ಲಿ ಕುಳಿತು ಹೇಳಿದ ಹಸೆಯ ಹಾಡುಗಳೂ ಆರತಿಯ ಹಾಡುಗಳೂ ಒಟ್ಟು ಹದಿನೇಳು ಅದರಲ್ಲಿದ್ದವು. ಬೇರೆ ಪ್ರತಿ ಎಲ್ಲಿಯೂ ಇರಲಿಲ್ಲ.

ಇಂತಹ ಸಮಯದಲ್ಲಿ ಗೃಹಸ್ಥನಾದವನು ಏನು ಮಾಡುತ್ತಾನೆ? ಚೀಲ ಹಿಡಿದು ಅಂಗಡಿಗೆ ಓಡುತ್ತಾನೆ. ನಾನೂ ಹಾಗೆಯೇ ಮಾಡಿದೆ. ಯಂತ್ರವನ್ನು ಆರಿಸದೆ, ಹಾಡುಗಳನ್ನು ಬೇರೆಡೆ ಇಳಿಸಿಕೊಳ್ಳದೆ, ಅದರ ಹೊಟ್ಟೆಯೊಳಗೆ ಎಷ್ಟು ಜಾಗವಿದೆಯೆಂದು ನೋಡದೆ ಹೊರಟುಬಿಟ್ಟೆ. ಮೂರು ತಪ್ಪುಗಳನ್ನು ಒಂದೇ ಉಸಿರಿನಲ್ಲಿ ಮಾಡಿದ ಹಾಗಾಯಿತು.

ಹಾರ್ಡ್ ಡಿಸ್ಕಿನ ಮರ್ಮವನ್ನು ಸ್ವಲ್ಪ ಹೇಳಬೇಕು. ಅದರೊಳಗೆ ನುಣುಪಾದ ತಟ್ಟೆಯೊಂದು ನಿಮಿಷಕ್ಕೆ 5,400 ಬಾರಿ, ಅಂದರೆ ಸೆಕೆಂಡಿಗೆ ತೊಂಬತ್ತು ಬಾರಿ, ಸುತ್ತುತ್ತಿರುತ್ತದೆ. ಅದರ ಮೇಲೆ, ಮುಟ್ಟಿಯೂ ಮುಟ್ಟದಂತೆ, ಓದುವ ಮುಳ್ಳು ತೇಲುತ್ತದೆ. 1956ರಲ್ಲಿ ಐಬಿಎಂ ಸಂಸ್ಥೆ ಹೊರತಂದ ಮೊದಲನೆಯ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ಅಗಲದ ಐವತ್ತು ತಟ್ಟೆಗಳಿದ್ದವು; ಒಂದು ಟನ್ನಿಗೂ ಮೀರಿದ ಭಾರ; ಹಿಡಿಸುತ್ತಿದ್ದುದು ಐವತ್ತು ಲಕ್ಷ ಅಕ್ಷರಗಳು. ಇಂದಿನ ಒಂದೆರಡು ಛಾಯಾಚಿತ್ರಗಳಿಗೆ ಅದು ಸಾಲದು! ಟಿಕ್ ಟಿಕ್ ಎಂಬುದು ಮುಳ್ಳು ತನ್ನ ಸ್ಥಾನವನ್ನು ಹುಡುಕಲಾರದೆ ಮತ್ತೆ ಮತ್ತೆ ಹಿಂದಿರುಗುವ ಸದ್ದು. ಆಗ ಯಂತ್ರವನ್ನು ನಡೆಯಿಸಿದಷ್ಟೂ ಕೇಡು. ನೆರೆಮನೆಯವರೊಬ್ಬರು ಡಿಸ್ಕನ್ನು ಫ್ರಿಜ್ಜಿನಲ್ಲಿಡಿ ಎಂದು ಸಲಹೆಯಿತ್ತರು. ಹೊರತೆಗೆದಾಗ ಒಳಗೆಲ್ಲ ಇಬ್ಬನಿ ಕಟ್ಟುವುದೆಂಬುದನ್ನು ಅವರು ಯೋಚಿಸಿದಂತಿರಲಿಲ್ಲ.

ಬೆಂಗಳೂರಿನ ಸಾದರ್ ಪತ್ರಪ್ಪ ರಸ್ತೆಯನ್ನು ತಾವು ನೋಡಿರಬಹುದು. ವಿದ್ಯುತ್ ಸಾಮಾನುಗಳ ಆ ಸಂತೆಯಲ್ಲಿ ಒಂದು ಅಂಗಡಿಯಿಂದ, ಅಗ್ಗವೆಂದು, ಎರಡೂವರೆ ಅಂಗುಲದ ಹಾರ್ಡ್ ಡಿಸ್ಕೊಂದನ್ನು ತಂದೆ. ಮನೆಯಲ್ಲಿ ಮುಚ್ಚಳ ತೆಗೆದು ತೂರಿಸಿದರೆ ಹೋಗಲೊಲ್ಲದು! ನಾನು ತಂದದ್ದರ ದಪ್ಪ 9.5 ಮಿಲಿಮೀಟರು, ಗೂಡಿನ ಎತ್ತರ 7. ಚಿಕ್ಕ ಯಂತ್ರಗಳ ಕತೆಯೇ ಹೀಗೆ. 2011ರಲ್ಲಿ ಬಂದ ಥಿಂಕ್‌ಪ್ಯಾಡ್ ಎಕ್ಸ್ 220 ಎಂಬ ಹನ್ನೆರಡೂವರೆ ಅಂಗುಲದ ಯಂತ್ರವೂ 7 ಮಿಲಿಮೀಟರಿನದನ್ನು ಮಾತ್ರ ಒಪ್ಪುತ್ತದೆ. “ಸೀರೆಗೆ ಕುಪ್ಪಸದ ಬಟ್ಟೆ ತರುವಾಗಲೂ ಅಳತೆ ಕೇಳುತ್ತೀರಿ, ಇದಕ್ಕೆ ಕೇಳಬಾರದಿತ್ತೇ?” ಎಂದರು ನಮ್ಮ ಶ್ರೀಮತಿಯವರು. ಉತ್ತರವಿರಲಿಲ್ಲ.

ಎರಡನೆಯ ಬಾರಿ ಹಳೆಯ ಡಿಸ್ಕನ್ನೇ ಕಳಚಿ ಕೈಯಲ್ಲಿ ಹಿಡಿದು ಹೋದೆ. ಅಂಗಡಿಯ ಹುಡುಗ ಅಗರಬತ್ತಿಯ ಪೊಟ್ಟಣದಷ್ಟೂ ಇಲ್ಲದ ತೆಳುವಾದ ಪಟ್ಟಿಯೊಂದನ್ನು ತೋರಿಸಿ, “ಇದು ಎನ್‌ವಿಎಂಇ ಸಾರ್, ಸೆಕೆಂಡಿಗೆ ಮೂರು ಸಾವಿರ ಮೆಗಾಬೈಟು ಓದುತ್ತೆ” ಎಂದ. ಮಾತು ಸುಳ್ಳಲ್ಲ. ಆದರೆ ಅದು ಎಂ.2 ಎಂಬ ಗೂಡಿಗೆ ಮಾಡಿದ್ದು. ನಮ್ಮ ಯಂತ್ರದಲ್ಲಿ ಆ ಗೂಡೇ ಇಲ್ಲ. ಇತ್ತೀಚಿನ ತೆಳುವಾದ ಯಂತ್ರಗಳಲ್ಲಿ ಅದು ಸಾಮಾನ್ಯ. ಪಟ್ಟಿಯ ಮೇಲಿನ 2280 ಎಂಬ ಅಂಕಿ ಅದರ ಅಳತೆ: ಅಗಲ 22 ಮಿಲಿಮೀಟರು, ಉದ್ದ 80. 2242, 2230 ಎಂಬ ಗಿಡ್ಡ ಪಟ್ಟಿಗಳೂ ಉಂಟು. ಅಳತೆ ಸರಿಹೋದರೂ ಸಾಲದು. ಒಂದೇ ಬಗೆಯ ಗೂಡು ಕೆಲವು ಯಂತ್ರಗಳಲ್ಲಿ ಹಳೆಯ ಸಾಟಾ ಪದ್ಧತಿಯನ್ನು ಮಾತ್ರ, ಕೆಲವದರಲ್ಲಿ ಎನ್‌ವಿಎಂಇಯನ್ನು ಮಾತ್ರ ಬಲ್ಲುದು. ಯಂತ್ರದ ಕೈಪಿಡಿಯನ್ನು ಓದದೆ ಹಣ ಕೊಡಬಾರದು. ಕೆಲವು ಯಂತ್ರಗಳಲ್ಲಿ ಉಗ್ರಾಣವನ್ನು ಹಲಗೆಗೇ ಬೆಸೆದಿರುತ್ತಾರೆ. ಅಂಥದರಲ್ಲಿ ಬದಲಾಯಿಸುವ ಮಾತೇ ಇಲ್ಲ.

ಕೊನೆಗೆ ಕೊಂಡದ್ದು 7 ಮಿಲಿಮೀಟರಿನ ಸಾಟಾ ಎಸ್‌ಎಸ್‌ಡಿ. ಇದರಲ್ಲಿ ತಟ್ಟೆಯೂ ಇಲ್ಲ, ಮುಳ್ಳೂ ಇಲ್ಲ. ಜಪಾನಿನ ಫುಜಿಯೋ ಮಸುವೋಕ ಎಂಬ ಇಂಜಿನಿಯರರು 1980ರ ದಶಕದಲ್ಲಿ ತೋಷಿಬಾ ಸಂಸ್ಥೆಯಲ್ಲಿದ್ದಾಗ ಕಂಡುಹಿಡಿದ ಫ್ಲಾಶ್ ಸ್ಮೃತಿಯೇ ಇದರ ಮೂಲ. ಸೆಕೆಂಡಿಗೆ ಐನೂರು ಮೆಗಾಬೈಟಿಗೆ ಮೇಲ್ಪಟ್ಟು ಓದಬಲ್ಲದು. ಮುಳ್ಳು ಹುಡುಕಾಡುವ ಕಾಲ ಉಳಿಯುವುದರಿಂದ ಹಳೆಯ ಯಂತ್ರಕ್ಕೆ ಇದೇ ಧಾರಾಳವಾಯಿತು. ಪೆಟ್ಟಿಗೆಯ ಮೇಲೆ 500 ಗಿಗಾಬೈಟು ಎಂದಿದ್ದರೆ ವಿಂಡೋಸ್ 465 ಎಂದು ತೋರಿಸುತ್ತದೆ. ಅಂಗಡಿಯವನ ಮೇಲೆ ಸಿಟ್ಟಾಗಬೇಡಿ. ಅವನ ಸಾವಿರ ಇವನಿಗೆ 1,024, ಅಷ್ಟೆ. ಹೆಸರು ಕೇಳದ ತಯಾರಕರು ಅತಿ ಅಗ್ಗಕ್ಕೆ ಅತಿ ದೊಡ್ಡ ಅಳತೆ ಕೊಡುವುದನ್ನು ಮಾತ್ರ ನಂಬಬಾರದು. ಮೂರು ವರ್ಷದ್ದೋ ಐದು ವರ್ಷದ್ದೋ ಖಾತರಿ ಇರುವುದನ್ನು ರಸೀದಿಯೊಡನೆ ಕೊಳ್ಳುವುದು ಲೇಸು.

ಹೊಸದನ್ನು ಜೋಡಿಸುವ ಮುನ್ನ, ಹಳೆಯ ಡಿಸ್ಕನ್ನು ಯುಎಸ್‌ಬಿ ತಂತಿಯ ಮೂಲಕ ನನ್ನ ಯಂತ್ರಕ್ಕೆ ಸಿಕ್ಕಿಸಿದೆವು. ಇಡೀ ಡಿಸ್ಕನ್ನು ನಕಲು ಮಾಡುವ ಆಸೆಯನ್ನು ಬಿಟ್ಟು, ಮೊದಲು ಹಾಡುಗಳಿಗೇ ಕೈ ಹಾಕಿದೆವು. ಮಗಳು ಒಂದೊಂದರ ಹೆಸರನ್ನೂ ಕಾಗದದ ಮೇಲೆ ಗುರುತಿಸುತ್ತ ಹೋದಳು. ಅದೇನೂ ಅನುಗ್ರಹವೋ, ಹದಿನಾರು ಹಾಡುಗಳು ಇಡಿಯಾಗಿ ಬಂದವು. ಹದಿನೇಳನೆಯದು ಅರ್ಧ ಬಂದಿತು. ಆಮೇಲೆ ಡಿಸ್ಕು ಸದ್ದನ್ನೂ ನಿಲ್ಲಿಸಿತು.

ಈಗ ಆ ಹಾಡುಗಳು ಹೊಸ ಎಸ್‌ಎಸ್‌ಡಿಯಲ್ಲಿವೆ, ನನ್ನ ಯಂತ್ರದಲ್ಲಿವೆ, ಮೈಸೂರಿನಲ್ಲಿರುವ ನಮ್ಮ ಅಕ್ಕನವರ ಮನೆಯಲ್ಲಿಯೂ ಒಂದು ಪ್ರತಿಯಿದೆ. ಅರ್ಧಕ್ಕೆ ನಿಂತದ್ದು ಗೌರಿಗೆ ಆರತಿ ಎತ್ತುವಾಗಿನ ಹಾಡು. ಮಿಕ್ಕ ನುಡಿಗಳು ಅಕ್ಕನವರಿಗೆ ಬಾಯಿಗೆ ಬರುತ್ತವಂತೆ. ದೀಪಾವಳಿಗೆ ಬಂದಾಗ ಹೇಳಿ ಬರೆಯಿಸುತ್ತೇನೆಂದಿದ್ದಾರೆ.