ಕಂಕುಳು, ಕಾಖ, ಚಂಕ: ಮರೆಯ ಕೂದಲು ಮತ್ತು ಮರೆಯಾಗುವ ಪದ

ಭಾಷಾಶಾಸ್ತ್ರಜ್ಞರಿಗೆ ಚಿರಪರಿಚಿತವಾದ ಸ್ವದೇಶ್ ಪದಪಟ್ಟಿಯಲ್ಲಿ ಕಣ್ಣು, ಕಿವಿ, ಮೂಗು, ಮೊಣಕಾಲು, ಉಗುರು ಎಲ್ಲವೂ ಇವೆ, ಕಂಕುಳು ಇಲ್ಲ. ಆ ಪಟ್ಟಿಯನ್ನು ಹಿಡಿದು ಗಡಿನಾಡಿನ ಹಳ್ಳಿಗಳಿಗೆ ಹೋಗುವ ಸಂಶೋಧಕರು ಸಹಜವಾಗಿಯೇ ಆ ಪದವನ್ನು ಕೇಳುವುದಿಲ್ಲ. ಕೇಳಬೇಕೆನಿಸಿದರೂ ಸಂಕೋಚ ಅಡ್ಡಬರುತ್ತದೆ, ವಿಶೇಷವಾಗಿ ಮಾತು ಅಲ್ಲಿಯ ಕೂದಲಿನ ಕಡೆಗೆ ತಿರುಗಿದಾಗ. ಈ ಸಂಕೋಚವನ್ನು ನಾವು ಅನಾದಿಯೆಂದು ಭಾವಿಸುತ್ತೇವೆ. ಅದು ಅಷ್ಟು ಹಳೆಯದಲ್ಲ ಎಂಬುದಕ್ಕೆ ಭಾಷೆಯೇ ಮೊದಲ ಸಾಕ್ಷಿ.

ಹಳಗನ್ನಡದಲ್ಲಿ ಕಂಕುೞ್, ಕವುಂಕುೞ್ ಎಂಬ ರೂಪಗಳಿವೆ. ತಮಿಳಿನಲ್ಲಿ ಅಕ್ಕುಳ್, ತೆಲುಗಿನಲ್ಲಿ ಚಂಕ. ಮಲಯಾಳದ ಕಕ್ಷಂ ಸಂಸ್ಕೃತದ ನೇರ ಎರವಲು; ಮರಾಠಿಯ ಕಾಖ ಅದೇ ಕಕ್ಷವು ಪ್ರಾಕೃತದ ಮೂಲಕ ಸವೆದು ಬಂದ ರೂಪ. ಉತ್ತರದ ಕನ್ನಡದಲ್ಲಿ ಕೇಳಿಬರುವ ಬಗಲು ಫಾರಸಿಯದು. ಸಂಸ್ಕೃತದ ಕಕ್ಷ ಶಬ್ದಕ್ಕೆ ಒಣಹುಲ್ಲು, ಪೊದೆ, ಅಡಗುದಾಣ ಎಂಬ ಅರ್ಥಗಳೂ ಇವೆ. ಕೂದಲನ್ನು ಪೊದೆಯಾಗಿ ಕಂಡ ಆ ಕಣ್ಣಿನಲ್ಲಿ ಅಸಹ್ಯದ ಸೋಂಕು ನನಗಂತೂ ಕಾಣುವುದಿಲ್ಲ.

ನುಡಿಗಟ್ಟುಗಳು ಇನ್ನೂ ಸ್ಪಷ್ಟ. ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ಊರೆಲ್ಲ ಹುಡುಕಿದಂತೆ ಎಂಬ ನಮ್ಮ ಗಾದೆ ತೆಲುಗಿನಲ್ಲಿಯೂ ಉಂಟು. ಮರಾಠಿಯಲ್ಲಿ ಕೂಸಿನ ಬದಲು ಬಿಂದಿಗೆ ಬರುತ್ತದೆ: 'ಕಾಖೇತ ಕಳಸಾ, ಗಾವಾಲಾ ವಳಸಾ'. ಸಂಭ್ರಮಪಡುವುದಕ್ಕೆ ತೆಲುಗರು ಚಂಕ ಗುದ್ದಿಕೊಳ್ಳುವುದು ಎನ್ನುತ್ತಾರೆ. ತನ್ನಲ್ಲಿ ಏನೂ ಇಲ್ಲವೆಂದು ಹೊಣೆ ಜಾರಿಸಿಕೊಳ್ಳುವವನನ್ನು ಕುರಿತು ಮರಾಠಿಗರು ಕಾಖಾ ಮೇಲೆತ್ತಿದನೆನ್ನುತ್ತಾರೆ. ಕೂಸು, ಕೊಡ, ಗಂಟು, ಹಿಗ್ಗು, ದಿವಾಳಿತನ ಎಲ್ಲಕ್ಕೂ ನೆಲೆಯಾದ ಈ ಅಂಗ, ಸಭೆಯಲ್ಲಿ ಹೆಸರಿಸಬಾರದ ಅಂಗವಾಗಿರಲಿಲ್ಲ.

ಹಾಗೆಂದು ಕೂದಲಿನ ವಿಷಯದಲ್ಲಿ ನಿಯಮಗಳೇ ಇರಲಿಲ್ಲವೆಂದಲ್ಲ. ಇಸ್ಲಾಮಿನ ಸಂಪ್ರದಾಯದಲ್ಲಿ ಕಂಕುಳ ಕೂದಲನ್ನು ಕೀಳುವುದು ಫಿತ್ರತಿನ, ಅಂದರೆ ಮನುಷ್ಯಸಹಜ ಶೌಚದ, ಐದು ಆಚರಣೆಗಳಲ್ಲೊಂದೆಂದು ಹದೀಸ್ ಹೇಳುತ್ತದೆ. ಅದನ್ನು 40 ರಾತ್ರಿಗಳಿಗಿಂತ ಹೆಚ್ಚು ಬಿಡಬಾರದು. ಈ ವಿಧಿ ಗಂಡಿಗೂ ಹೆಣ್ಣಿಗೂ ಸಮಾನವೆಂಬುದು ಮುಖ್ಯ. ಧರ್ಮಶಾಸ್ತ್ರಗಳ ವಪನವಿಧಿಯಾದರೋ ಇದಕ್ಕೆ ವಿರುದ್ಧವಾದ ದಿಕ್ಕಿನದು: ಕ್ಷೌರ ಮಾಡಿಸಿಕೊಳ್ಳುವಾಗ ಕಕ್ಷ, ಉಪಸ್ಥ, ಶಿಖೆಗಳನ್ನು ಬಿಡಬೇಕೆಂದು ಪುರೋಹಿತರು ಇಂದಿಗೂ ಹೇಳುತ್ತಾರೆ. ದಿಗಂಬರ ಜೈನಮುನಿಗಳ 28 ಮೂಲಗುಣಗಳಲ್ಲಿ ಒಂದಾದ ಕೇಶಲೋಚವು ತಲೆ, ಗಡ್ಡ, ಮೀಸೆಗಳಿಗೆ ಸಂಬಂಧಿಸಿದ್ದು. ಸುಶ್ರುತನು ವ್ರಣಚಿಕಿತ್ಸೆಯಲ್ಲಿ ಲೋಮಾಪಹರಣವನ್ನು ಹೇಳಿದರೂ ಅದರ ಉದ್ದೇಶ ಗಾಯದ ಶುದ್ಧಿಯೇ ಹೊರತು ಸೌಂದರ್ಯವಲ್ಲ. ಅಕ್ಕಲಕೋಟೆ ಅಥವಾ ಆದವಾನಿಯಂತಹ ಊರುಗಳಲ್ಲಿ ಕೀಳುವವರೂ ಬಿಡುವವರೂ ತಲೆಮಾರುಗಳಿಂದ ನೆರೆಹೊರೆಯವರು. ಒಂದೇ ನಿಯಮವನ್ನು 'ಗಡಿನಾಡಿನ ಸಂಸ್ಕೃತಿ' ಎಂದು ಬರೆಯಲು ಹೊರಟವರು ಇಲ್ಲಿ ಎಡವುತ್ತಾರೆ.

ಹೆಣ್ಣಿನ ಕಂಕುಳು ಮಾತ್ರ ನುಣುಪಾಗಿರಬೇಕು ಎಂಬ ಇಂದಿನ ನಿರೀಕ್ಷೆ ಈ ಯಾವ ಮೂಲದಿಂದಲೂ ಬಂದದ್ದಲ್ಲ. ರೋಮನ್ ಕವಿ ಓವಿಡ್ ತರುಣಿಯರ ಕಂಕುಳಿನ ಬಗ್ಗೆ ಎಚ್ಚರಿಸಿದ್ದುಂಟು. ಆದರೆ ಅಲ್ಲಿಂದ ನಮ್ಮವರೆಗೆ ಅಖಂಡವಾದ ದಾರಿ ಇಲ್ಲ. ಆಧುನಿಕ ಪದ್ಧತಿ ಹುಟ್ಟಿದ್ದು ಅಮೆರಿಕದಲ್ಲಿ, ಬಹುಮಟ್ಟಿಗೆ 1915ರ ಸುಮಾರಿನಲ್ಲಿ. ತೋಳಿಲ್ಲದ ಉಡುಪು ಮತ್ತು ಹೊಸ ಬಗೆಯ ನೃತ್ಯ ಆಗ ಫ್ಯಾಷನ್ನಾಗಿದ್ದವು. ಆ ವರ್ಷ ಜಿಲೆಟ್ ಸಂಸ್ಥೆ ಹೆಂಗಸರಿಗಾಗಿಯೇ 'ಮಿಲೇಡಿ ಡೆಕೊಲ್ಟೆ' ಎಂಬ ಕ್ಷೌರಸಾಧನವನ್ನು ಹೊರತಂದಿತು. ಹಾರ್ಪರ್ಸ್ ಬಜಾರ್ ಪತ್ರಿಕೆಯಲ್ಲಿ ರೋಮನಾಶಕಗಳ ಜಾಹೀರಾತು ಬಂತು. ಕ್ರಿಸ್ಟೀನ್ ಹೋಪ್ 1982ರ ಲೇಖನದಲ್ಲಿ ಈ ಜಾಹೀರಾತುಗಳನ್ನು ಕ್ರಮವಾಗಿ ಪರಿಶೀಲಿಸಿ, ಬೇಡಿಕೆಗಿಂತ ಮೊದಲು ನಾಚಿಕೆಯನ್ನು ಕಲಿಸಬೇಕಾಗಿ ಬಂದ ಬಗೆಯನ್ನು ತೋರಿಸಿದ್ದಾರೆ. ಜಾಹೀರಾತುಗಾರರು 'ಆರ್ಮ್‌ಪಿಟ್' ಎಂಬ ಒರಟು ಪದದ ಬದಲು 'ಅಂಡರ್‌ಆರ್ಮ್' ಎಂಬ ನಯವಾದುದನ್ನು ಬಳಸಿದರೆಂಬುದು ನಮಗೆ ಹೆಚ್ಚು ಉಪಯುಕ್ತವಾದ ಸಂಗತಿ. 1970ರ ದಶಕದ ಸ್ತ್ರೀವಾದಿಗಳು ಕೂದಲನ್ನು ಬಿಡುವುದನ್ನೇ ಪ್ರತಿಭಟನೆಯನ್ನಾಗಿಸಿದರು. 1999ರಲ್ಲಿ ನಟಿ ಜೂಲಿಯಾ ರಾಬರ್ಟ್ಸ್ ಲಂಡನ್ನಿನ ಚಿತ್ರಪ್ರದರ್ಶನವೊಂದರಲ್ಲಿ ಕೈ ಎತ್ತಿ ಬೀಸಿದ್ದು ಸುದ್ದಿಯಾಯಿತು. 80 ವರ್ಷಗಳಲ್ಲಿ ಆ ಜಾಹೀರಾತುಗಳು ಗೆದ್ದಿದ್ದವು.

ಶುಚಿತ್ವದ ವಾದ ಅರ್ಧಸತ್ಯ. ಕಂಕುಳ ಗ್ರಂಥಿಗಳ ಸ್ರಾವಕ್ಕೆ ತನ್ನಷ್ಟಕ್ಕೆ ವಾಸನೆ ಇಲ್ಲವೆಂದೇ ಹೇಳಬಹುದು. ಬ್ಯಾಕ್ಟೀರಿಯಾಗಳು ಅದನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಕೂದಲು ಅದನ್ನು ಸ್ವಲ್ಪ ಹಿಡಿದಿಡುತ್ತದೆ, ನಿಜ. ಅದೇ ಕಾರಣವಾಗಿದ್ದರೆ ನಿಯಮ ಗಂಡಸರನ್ನು ಬಿಡುತ್ತಿರಲಿಲ್ಲ.

ನಮ್ಮಲ್ಲಿ ತೋಳಿರುವ ರವಿಕೆ ಈ ಪ್ರಶ್ನೆಯನ್ನು ಬಹುಕಾಲ ಮುಚ್ಚಿಟ್ಟಿತು. ನೀಲಗಿರಿಯ ಬಡಗ ಸ್ತ್ರೀಯರು ಬಟ್ಟೆಯನ್ನು ಕಂಕುಳ ಕೆಳಗೆ ಸುತ್ತಿ ಹೆಗಲನ್ನು ತೆರೆದಿಡುತ್ತಿದ್ದ ಸಾಂಪ್ರದಾಯಿಕ ಉಡುಗೆಯನ್ನು ನೆನೆದರೆ, ತೆರೆದ ತೋಳು ನಗರದಿಂದಲೇ ಬಂತೆನ್ನುವುದೂ ತಪ್ಪಾಗುತ್ತದೆ. ನಗರದಿಂದ ಬಂದದ್ದು ತೋಳಿಲ್ಲದ ರವಿಕೆಯೊಡನೆ ಬ್ಯೂಟಿ ಪಾರ್ಲರು, ಅದರ ದರಪಟ್ಟಿ ಮತ್ತು ಕನ್ನಡ ಲಿಪಿಯಲ್ಲಿಯೇ ಬರೆದ 'ಅಂಡರ್‌ಆರ್ಮ್ಸ್' ಎಂಬ ಪದ.

ಇಷ್ಟು ಸುಲಭವಾಗಿ ಈ ಪದ ನೆಲೆಸಿದ್ದೇಕೆ? ಕನ್ನಡದ ಸಹಜ ಕ್ರಿಯಾಪದ 'ಬೋಳಿಸು'. ಅದರ ಬೆನ್ನಿಗೆ ವಿಧವೆಯರ ಕೇಶಮುಂಡನದ ನೆನಪೂ, ಅದರಿಂದ ಹುಟ್ಟಿದ ಬೈಗುಳವೂ ಅಂಟಿಕೊಂಡಿವೆ. ಹೆಣ್ಣುಮಗಳೊಬ್ಬಳು ತನ್ನ ದೇಹದ ಬಗ್ಗೆ ಆ ಕ್ರಿಯಾಪದವನ್ನು ಬಳಸಲು ಹಿಂಜರಿದರೆ ಅದು ಕನ್ನಡದ ಬಡತನವಲ್ಲ, ಕನ್ನಡ ಸಮಾಜದ ಚರಿತ್ರೆ. 'ತೆಗೆ' ಎಂಬುದು ನಿರಪಾಯಕರವಾದರೂ ಅಸ್ಪಷ್ಟ. 'ಶೇವ್ ಮಾಡು', 'ವ್ಯಾಕ್ಸ್ ಮಾಡಿಸು' ಎಂಬುವಕ್ಕೆ ಯಾವ ಭೂತಕಾಲವೂ ಇಲ್ಲ. ಕ್ರಿಯಾಪದದೊಡನೆ ನಾಮಪದವೂ ಇಂಗ್ಲಿಷಾಗುತ್ತದೆ, ಕಂಕುಳು ಅಜ್ಜಿಯ ಮಾತಾಗಿ ಉಳಿಯುತ್ತದೆ.

ಆದ್ದರಿಂದ ಗಡಿನಾಡಿನ ಪದಸಂಗ್ರಹಗಳಿಗೆ ಮೂರು ಪ್ರಶ್ನೆಗಳನ್ನಾದರೂ ಸೇರಿಸಬೇಕೆಂದು ನನ್ನ ಸೂಚನೆ: ಕೂಸನ್ನು ಎಲ್ಲಿ ಎತ್ತಿಕೊಳ್ಳುತ್ತೀರಿ, ಅಲ್ಲಿಯ ಕೂದಲಿಗೆ ಏನೆನ್ನುತ್ತೀರಿ, ಅದನ್ನು ತೆಗೆಯುವುದಕ್ಕೆ ಏನೆನ್ನುತ್ತೀರಿ. ಮೊದಲನೆಯದಕ್ಕೆ ಯಾರೂ ನಾಚುವುದಿಲ್ಲ. ಉಳಿದೆರಡನ್ನು ಹೆಂಗಸರಲ್ಲಿ ಹೆಂಗಸರೇ ಕೇಳುವುದು ಲೇಸು. ಒಂದೇ ಮನೆಯ ಎರಡು ತಲೆಮಾರಿನವರನ್ನು ಬೇರೆಬೇರೆಯಾಗಿ ಕೇಳಬೇಕು.