ಜರ್ಮನಿಗೆ ಹೊರಟ ನಮ್ಮ ನರ್ಸ್‌ಗಳು: ನಗದ ಕೌಂಟರು, ಅರ್ಥವಾಗದ ಮಾತು

ನಮ್ಮ ಕರಾವಳಿಯ ಧರ್ಮಕೇಂದ್ರಗಳಲ್ಲಿ ‘ಫಾರಿನ್’ ಎಂದರೆ ಬಹುಕಾಲ ಗಲ್ಫ್ ಎಂದೇ ಅರ್ಥವಾಗಿತ್ತು. ಅರಬಿ ಭಾಷೆ ಬಾರದೆಯೇ ದುಬೈಯಲ್ಲೋ ಕುವೈಟಿನಲ್ಲೋ ಇಪ್ಪತ್ತು ವರ್ಷ ದುಡಿದು ಬಂದವರು ಪ್ರತಿಯೊಂದು ವಾಳೆಯಲ್ಲಿಯೂ ಸಿಗುತ್ತಾರೆ. ಅಲ್ಲಿ ಸಾಮಾನು ಕಟ್ಟಿಕೊಡುವವನು ಕಾಸರಗೋಡಿನವನು, ಟ್ಯಾಕ್ಸಿಯವನು ಪೇಶಾವರದವನು. ಹಿಂದಿ, ಮಲಯಾಳ ಮತ್ತು ಅಷ್ಟಿಷ್ಟು ಇಂಗ್ಲಿಷ್ ಇದ್ದರೆ ಜೀವನ ಸಾಗುತ್ತದೆ. ಈಗ ನರ್ಸಿಂಗ್ ಮುಗಿಸಿದ ನಮ್ಮ ಯುವಜನರಲ್ಲಿ ಹಲವರು ಜರ್ಮನಿಯತ್ತ ನೋಡುತ್ತಿದ್ದಾರೆ. ಕೇರಳದ ಹೆಣ್ಣುಮಕ್ಕಳು 1960ರ ದಶಕದಲ್ಲಿಯೇ ಧರ್ಮಸಭೆಯ ಮೂಲಕ ಅಲ್ಲಿನ ಆಸ್ಪತ್ರೆಗಳಿಗೆ ಹೋಗಿದ್ದರು. ಆದುದರಿಂದ ದಾರಿ ಹೊಸತಲ್ಲ. ಆದರೆ ಗಲ್ಫಿನಿಂದ ಬಂದ ಮಾವಂದಿರು ಕೊಡುವ ‘ಹೋದ ಮೇಲೆ ಎಲ್ಲ ತನ್ನಿಂದ ತಾನೇ ಸರಿಯಾಗುತ್ತದೆ’ ಎಂಬ ಸಲಹೆ ಅಲ್ಲಿ ನಡೆಯುವುದಿಲ್ಲ.

‘ಫಾದರ್, ಅಲ್ಲಿಯವರಿಗೆ ನಮ್ಮನ್ನು ಕಂಡರಾಗುವುದಿಲ್ಲವಂತೆ, ಮಗಳು ಫೋನಿನಲ್ಲಿ ಅಳುತ್ತಾಳೆ’ ಎನ್ನುವ ತಾಯಂದಿರಿದ್ದಾರೆ. ವಿಚಾರಿಸಿದರೆ ಸಂಗತಿ ಹೆಚ್ಚಾಗಿ ಸೂಪರ್ ಮಾರ್ಕೆಟಿನ ಕೌಂಟರಿನದ್ದು. ಅಲ್ಲಿ ಕುಳಿತ ಮಹಿಳೆ ಮುಖವೆತ್ತದೆ ಸಾಮಾನುಗಳನ್ನು ಒಂದೇ ಸಮನೆ ಸ್ಕ್ಯಾನ್ ಮಾಡಿ ತಳ್ಳುತ್ತಾಳೆ. ಚೀಲ ನೀವೇ ತರಬೇಕು, ಇಲ್ಲವೇ ಹಣ ಕೊಟ್ಟು ಕೊಳ್ಳಬೇಕು; ತುಂಬಿಕೊಡುವವರಿಲ್ಲ. ನಿಧಾನವಾದರೆ ಹಿಂದಿನವರು ನಿಟ್ಟುಸಿರು ಬಿಡುತ್ತಾರೆ. ಇದು ಬಣ್ಣ ನೋಡಿ ತೋರಿಸುವ ತಿರಸ್ಕಾರವೆಂದು ನಮ್ಮವರು ತಿಳಿಯುತ್ತಾರೆ. ವರ್ಣಭೇದ ಅಲ್ಲಿ ಇಲ್ಲವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಇದು ಅದಲ್ಲ. ಜರ್ಮನರಿಗೂ ಸಿಗುವುದು ಇದೇ ಸೇವೆ. ಸಾಲಿನಲ್ಲಿ ನಿಂತವರ ಸಮಯ ಉಳಿಸುವುದೇ ಅಲ್ಲಿನ ಮರ್ಯಾದೆ. ಅಮೆರಿಕದ ವಾಲ್‌ಮಾರ್ಟ್ ಕಂಪೆನಿ 1997ರಲ್ಲಿ ಜರ್ಮನಿಗೆ ಬಂದು, ಬಾಗಿಲಲ್ಲಿ ನಗುತ್ತಾ ಸ್ವಾಗತಿಸುವ ತನ್ನ ಪದ್ಧತಿಯನ್ನು ಅಲ್ಲಿಯೂ ತಂದಾಗ ಗ್ರಾಹಕರು ಮುಜುಗರಪಟ್ಟರು. ಬೇರೆ ಕಾರಣಗಳೂ ಸೇರಿ 2006ರಲ್ಲಿ ಅದು ತನ್ನ 85 ಅಂಗಡಿಗಳನ್ನು ಮೆಟ್ರೋ ಕಂಪೆನಿಗೆ ಮಾರಿ ಹೊರಟುಹೋಯಿತು.

ಹಾಗೆಂದು ಅಲ್ಲಿ ಸೌಜನ್ಯವೇ ಇಲ್ಲವೆಂದಲ್ಲ, ಅದರ ಜಾಗ ಬೇರೆ. ಸಣ್ಣ ಅಂಗಡಿಗೆ ಅಥವಾ ವೈದ್ಯರ ಕಾಯುವ ಕೋಣೆಗೆ ಕಾಲಿಡುವಾಗ ಎಲ್ಲರಿಗೂ ಕೇಳುವಂತೆ ವಂದನೆ ಹೇಳಬೇಕು. ದಕ್ಷಿಣದ ಬವೇರಿಯಾದಲ್ಲಿ ‘ಗ್ರೂಸ್ ಗೋಟ್’ ಎನ್ನುತ್ತಾರೆ, ಅದರಲ್ಲಿ ದೇವರ ಹೆಸರೇ ಇದೆ. ಉತ್ತರದಲ್ಲಿ ‘ಮೊಯಿನ್’ ಸಾಕು. ನಮ್ಮವರು ನಾಚಿಕೆಯಿಂದ ಸುಮ್ಮನೆ ಮೂಲೆಯಲ್ಲಿ ಹೋಗಿ ಕೂರುತ್ತಾರೆ. ಅಲ್ಲಿನವರ ದೃಷ್ಟಿಯಲ್ಲಿ ಅಗೌರವ ತೋರಿದವರು ನಾವೇ!

‘ಬಿಟ್ಟೆ’ ಎಂಬ ಒಂದೇ ಪದ ‘ದಯವಿಟ್ಟು’ ಎಂದೂ ಆಗುತ್ತದೆ, ‘ಪರವಾಗಿಲ್ಲ’, ‘ತೆಗೆದುಕೊಳ್ಳಿ’, ‘ಏನೆಂದಿರಿ?’ ಎಂದೂ ಆಗುತ್ತದೆ. ಸ್ವರ ಕೇಳಿ ತಿಳಿಯಬೇಕು. ‘ಕಾಫಿ ಬೇಕೇ?’ ಎಂದವರಿಗೆ ಬರೇ ‘ಡಾಂಕೆ’, ಅಂದರೆ ಧನ್ಯವಾದ, ಎಂದರೆ ಬೇಡ ಎಂದೇ ಅರ್ಥವಾಗುತ್ತದೆ. ಎರಡನೆಯ ಸಲ ಒತ್ತಾಯಿಸುವ ಕ್ರಮ ಅಲ್ಲಿಲ್ಲ, ಕಾಫಿ ತಪ್ಪಿದ ಹಾಗೆಯೇ. ಇನ್ನು, ಕೆಲವು ವಿನಾಯಿತಿಗಳನ್ನು ಬಿಟ್ಟರೆ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಭಾನುವಾರದ ವಿಶ್ರಾಂತಿಗೆ ಅಲ್ಲಿ ಸಂವಿಧಾನದ ರಕ್ಷಣೆಯಿದೆ. ಬವೇರಿಯಾದಲ್ಲಿ ವಾರದ ದಿನಗಳಲ್ಲಿಯೂ ರಾತ್ರಿ 8ಕ್ಕೆ ಅಂಗಡಿಗಳ ಬಾಗಿಲು ಹಾಕುತ್ತಾರೆ. ಅಕ್ಕಿ, ಹಾಲು ಶನಿವಾರವೇ ಮನೆಗೆ ಬಂದಿರಬೇಕು.

ಸರಕಾರಿ ಕಚೇರಿಯ ವಿಷಯ ಇನ್ನಷ್ಟು ಗಂಭೀರವಾದುದು. ಹೊಸ ಮನೆಗೆ ಬಂದ ಎರಡು ವಾರದೊಳಗೆ ವಿಳಾಸ ನೋಂದಾಯಿಸಬೇಕು, ಮನೆ ಕೊಟ್ಟವರ ದೃಢೀಕರಣ ಪತ್ರವೂ ಜೊತೆಗಿರಬೇಕು. ‘ಟರ್ಮೀನ್’, ಅಂದರೆ ಮೊದಲೇ ಗೊತ್ತುಮಾಡಿಕೊಂಡ ಸಮಯ, ಇಲ್ಲದೆ ಹೋದರೆ ಅನೇಕ ಕಡೆ ಹಿಂದೆ ಕಳುಹಿಸುತ್ತಾರೆ. ಆಡಳಿತ ಭಾಷೆ ಜರ್ಮನ್ ಎಂದು ಕಾನೂನೇ ಹೇಳುತ್ತದೆ. ಗುಮಾಸ್ತರಿಗೆ ಇಂಗ್ಲಿಷ್ ಬಂದರೂ ಕಾನೂನಿನ ವಿಷಯದಲ್ಲಿ ತಪ್ಪು ಹೇಳಿದರೆ ಎಂಬ ಭಯದಿಂದ ಆಡದಿರಬಹುದು. ನಮ್ಮ ‘ಸ್ವಲ್ಪ ಅಡ್ಜಸ್ಟ್ ಮಾಡಿ ಸಾರ್’ ಎಂಬ ಮಾತಿಗೆ ಅಲ್ಲಿ ಬೆಲೆಯಿಲ್ಲ. ಹಾಗೆಯೇ ಕಾಗದಗಳು ಸರಿಯಿದ್ದರೆ ಯಾರ ಶಿಫಾರಸ್ಸೂ ಬೇಡ. ಆ ನೋಂದಣಿಯಲ್ಲಿ ಧರ್ಮವನ್ನೂ ಕೇಳುತ್ತಾರೆ. ಕಥೋಲಿಕರೆಂದು ಬರೆಸಿದವರ ಸಂಬಳದಿಂದ ಚರ್ಚ್ ತೆರಿಗೆ ಕಡಿತವಾಗುತ್ತದೆ. ಬವೇರಿಯಾ ಮತ್ತು ಬಾಡೆನ್-ವ್ಯುರ್ಟೆಂಬೆರ್ಗ್ ರಾಜ್ಯಗಳಲ್ಲಿ ಆದಾಯ ತೆರಿಗೆಯ ಶೇಕಡಾ 8, ಉಳಿದೆಡೆ 9. ಸಂಬಳದ ಮೇಲಲ್ಲ, ತೆರಿಗೆಯ ಮೇಲೆ ಎಂಬುದನ್ನು ಗಮನಿಸಬೇಕು. ಇದನ್ನು ಇಲ್ಲಿಂದ ಹೊರಡುವ ಮೊದಲೇ ಹೇಳಿಬಿಡುವುದು ಒಳ್ಳೆಯದು. ಮೊದಲ ಸಂಬಳದ ಚೀಟಿ ನೋಡಿ ಗಾಬರಿಯಾಗುವವರಿದ್ದಾರೆ.

ಅಂಗಡಿಯಲ್ಲಿ ತಪ್ಪಾದರೆ ನಷ್ಟ ಒಂದು ಕಾಫಿಯದ್ದು. ಆಸ್ಪತ್ರೆಯಲ್ಲಿ ಹಾಗಲ್ಲ. ನರ್ಸ್ ಆಗಿ ಪೂರ್ಣ ಮಾನ್ಯತೆ ಪಡೆಯಲು ಸಾಮಾನ್ಯವಾಗಿ ಬಿ2 ಮಟ್ಟದ ಜರ್ಮನ್ ಬೇಕು. ಯುರೋಪಿನ ಆರು ಹಂತಗಳ ಅಳತೆಯಲ್ಲಿ ಇದು ನಾಲ್ಕನೆಯದು. ಪರೀಕ್ಷೆ ಪಾಸಾದವರನ್ನೂ ಎಡವಿಸುವ ಕೆಲವು ಸಂಗತಿಗಳಿವೆ. ‘ಹಾಲ್ಪ್ ಆಖ್ಟ್’ ಎಂಬುದನ್ನು ಪದಶಃ ನೋಡಿದರೆ ‘ಅರ್ಧ ಎಂಟು’. ನಮ್ಮವರು ಎಂಟೂವರೆ ಎಂದುಕೊಳ್ಳುತ್ತಾರೆ, ಆದರೆ ಅದು ಏಳೂವರೆ. ಔಷಧ ಕೊಡುವುದು ಒಂದು ಗಂಟೆ ತಡವಾಯಿತು. ಕನ್ನಡದಲ್ಲಿ ‘ಇಪ್ಪತ್ತೊಂದು’ ಎಂದು ಹತ್ತನ್ನು ಮೊದಲು ಹೇಳಿದರೆ ಜರ್ಮನ್ನಿನಲ್ಲಿ ‘ಒಂದು ಮತ್ತು ಇಪ್ಪತ್ತು’. ಅವಸರದಲ್ಲಿ ಕೇಳಿ ಬರೆದರೆ 21 ಹೋಗಿ 12 ಆಗುವ ಸಂಭವವಿದೆ. ದಶಮಾಂಶಕ್ಕೆ ಅವರು ಅಲ್ಪವಿರಾಮ ಹಾಕುತ್ತಾರೆ, 1,5 ಎಂದರೆ ಒಂದೂವರೆ. ಸಾವಿರಕ್ಕೆ ಚುಕ್ಕಿ, 1.000 ಎಂದರೆ ಒಂದು ಸಾವಿರ. ಮಿಲಿಗ್ರಾಮಿನ ಲೆಕ್ಕದಲ್ಲಿ ಇದು ಎಷ್ಟು ದೊಡ್ಡ ವ್ಯತ್ಯಾಸವೆಂದು ನರ್ಸ್‌ಗಳಿಗೆ ಹೇಳಬೇಕಾಗಿಲ್ಲ.

ಸಂಬೋಧನೆಯಲ್ಲಿ ನಮಗೊಂದು ಅನುಕೂಲವಿದೆ. ಇಂಗ್ಲಿಷಿನಲ್ಲಿಲ್ಲದ ನೀನು-ನೀವು ಭೇದ ಕನ್ನಡದಲ್ಲಿದೆ, ತುಳುವಿನಲ್ಲಿ ಈ-ಈರ್ ಇದೆ, ಕೊಂಕಣಿಯಲ್ಲಿ ತುಂ-ತುಮಿ ಇದೆ. ಜರ್ಮನ್ನಿನ ‘ಡು’ ಮತ್ತು ‘ಝೀ’ ನಮಗೆ ಬೇಗ ಹತ್ತುತ್ತದೆ. ಕಷ್ಟವಾಗುವುದು ಬೇರೆ ಕಡೆ. ಇಲ್ಲಿ ನಾವು ರೋಗಿಯನ್ನು ‘ಅಜ್ಜಿ’, ‘ಅಮ್ಮ’ ಎಂದು ಪ್ರೀತಿಯಿಂದ ಕರೆಯುತ್ತೇವೆ. ಅಲ್ಲಿ ‘ಓಮಾ’ ಎಂದು ಕರೆದರೆ ವೃದ್ಧೆಗೆ ಅವಮಾನವಾದೀತು. ‘ಫ್ರಾವ್’ ಎಂದು ಹೇಳಿ ಮನೆತನದ ಹೆಸರು ಸೇರಿಸಬೇಕು. ಅವರೋ ನರ್ಸನ್ನು ಇಂದಿಗೂ ‘ಶ್ವೆಸ್ಟರ್’ ಎಂದು ಕರೆಯುವುದುಂಟು. 2020ರಿಂದ ಹೊಸ ತರಬೇತಿ ಪಡೆಯುವವರ ಅಧಿಕೃತ ಹೆಸರು ಬೇರೆಯಾಗಿದ್ದರೂ ಹಳಬರ ಬಾಯಲ್ಲಿ ನಮ್ಮ ಆಸ್ಪತ್ರೆಗಳ ‘ಸಿಸ್ಟರ್’ ಎಂಬುದೇ ಉಳಿದಿದೆ.

ನನಗೆ ಇವೆಲ್ಲಕ್ಕಿಂತ ಹೆಚ್ಚು ಆತಂಕ ತರುವುದು ನಮ್ಮ ತಲೆಯಾಡಿಸುವ ಅಭ್ಯಾಸ. ದೊಡ್ಡ ಡಾಕ್ಟರು ಹೇಳಿದಾಗ ಅರ್ಥವಾಗದಿದ್ದರೂ ‘ಹೂಂ’ ಎನ್ನುವುದು, ಆಮೇಲೆ ಪಕ್ಕದವಳನ್ನು ಕೇಳುವುದು. ಶಾಲೆಯಿಂದ ನರ್ಸಿಂಗ್ ಕಾಲೇಜಿನವರೆಗೆ ನಾವೇ ಕಲಿಸಿದ ವಿಧೇಯತೆ ಇದು, ಕ್ರೈಸ್ತ ಶಿಕ್ಷಣ ಸಂಸ್ಥೆಗಳ ನಾವೂ ಇದರಿಂದ ಹೊರತಲ್ಲ. ಅಲ್ಲಿ ‘ಯಾ’ ಎಂದರೆ ಹೌದು, ಅರ್ಥವಾಗಿದೆ, ಮಾಡುತ್ತೇನೆ ಎಂದೇ ಲೆಕ್ಕ. ಮಾಡದಿದ್ದರೆ ಆಕೆಯನ್ನು ಸುಳ್ಳುಗಾರ್ತಿ ಎನ್ನುತ್ತಾರೆ, ಅರ್ಥವಾಗಲಿಲ್ಲವೆಂದು ಕೇಳಿದರೆ ಏನೂ ಅನ್ನುವುದಿಲ್ಲ. ‘ಇಶ್ ಹಾಬೆ ಝೀ ನಿಶ್ಟ್ ಫೆರ್‌ಸ್ಟಾಂಡನ್’ (ನೀವು ಹೇಳಿದ್ದು ನನಗೆ ತಿಳಿಯಲಿಲ್ಲ), ‘ಬಿಟ್ಟೆ ಲಾಂಗ್ಸಾಮ್’ (ದಯವಿಟ್ಟು ನಿಧಾನವಾಗಿ) ಎಂಬೆರಡು ವಾಕ್ಯಗಳನ್ನು ಹೊರಡುವ ಮೊದಲು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಬೇಕು. ಬೆಂಗಳೂರಿನ ಮ್ಯಾಕ್ಸ್ ಮ್ಯುಲ್ಲರ್ ಭವನದಲ್ಲಾಗಲಿ ಊರಿನ ಕೋಚಿಂಗ್ ತರಗತಿಯಲ್ಲಾಗಲಿ ವ್ಯಾಕರಣ ಕಲಿಯಬಹುದು. ಡಾಕ್ಟರು ಹೇಳಿದ ಆದೇಶವನ್ನು ಅವರೆದುರೇ ಮತ್ತೊಮ್ಮೆ ಹೇಳಿ ‘ಸರಿಯೇ?’ ಎಂದು ಕೇಳುವ ಧೈರ್ಯವನ್ನು ಮನೆಯಲ್ಲಿ, ವಾಳೆಯ ಕೂಟದಲ್ಲಿ, ನಮ್ಮ ಯುವಜನರ ಸಂಘಟನೆಗಳಲ್ಲಿ ಈಗಲೇ ರೂಢಿ ಮಾಡಿಸಬಹುದು.