ಶುಗರ್ ಮಾತ್ರೆ ತಪ್ಪುವುದಿಲ್ಲ, ಜೊತೆಗಿನ ಮಾತ್ರೆ ಯಾಕೆ ಉಳಿಯುತ್ತದೆ?

ನಮ್ಮಲ್ಲಿ ಶುಗರ್ ಇಲ್ಲದ ಮನೆ ಹುಡುಕುವುದು ಕಷ್ಟ. ಮಾತ್ರೆಯ ಡಬ್ಬಿ ತೆರೆದು ನೋಡಿದರೆ ಮೆಟ್‌ಫಾರ್ಮಿನ್ ಸ್ಟ್ರಿಪ್ ಖಾಲಿಯಾಗಿರ್ತದೆ. ಅದೇ ಚೀಟಿಯಲ್ಲಿ ಡಾಕ್ಟರು ಬರೆದ ಅಟೋರ್ವಾಸ್ಟಾಟಿನ್ ಮಾತ್ರ ಹಾಗೇ ಉಂಟು. ಕೇಳಿದರೆ ಉಮ್ಮನ ಉತ್ತರ ಸಿದ್ಧ: “ಕೊಲೆಸ್ಟ್ರಾಲ್ ನಾರ್ಮಲ್ ಬಂತಲ್ಲ, ಇನ್ನು ಅದು ಯಾಕೆ?”

ನಾರ್ಮಲ್ ಬಂದದ್ದು ಆ ಮಾತ್ರೆಯಿಂದಲೂ ಇರಬಹುದು. ಅದಕ್ಕಿಂತ ಮುಖ್ಯವಾಗಿ, ಶುಗರ್ ಇರುವವರಿಗೆ ಇದನ್ನು ಕೊಡುವುದು ಹಾರ್ಟ್ ಅಟ್ಯಾಕ್, ಸ್ಟ್ರೋಕ್ ತಡೆಯಲು. ಬ್ರಿಟನ್ ಮತ್ತು ಐರ್ಲೆಂಡಿನಲ್ಲಿ ಕೊಲೆಸ್ಟ್ರಾಲ್ ಅಷ್ಟೇನೂ ಏರದ 2,838 ಮಧುಮೇಹಿಗಳ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ದಿನಕ್ಕೆ 10 ಮಿಲಿಗ್ರಾಂ ಅಟೋರ್ವಾಸ್ಟಾಟಿನ್ ತೆಗೆದುಕೊಂಡವರಲ್ಲಿ ಇಂಥ ಆಘಾತಗಳು ಶೇ. 37ರಷ್ಟು ಕಡಿಮೆಯಾಗಿದ್ದವು. ಲಾಭ ಸ್ಪಷ್ಟವಾಗಿ ಕಂಡದ್ದರಿಂದ ಅಧ್ಯಯನವನ್ನು ಎರಡು ವರ್ಷ ಮೊದಲೇ ನಿಲ್ಲಿಸಿದರು.

ಬಿಪಿಯ ರಾಮಿಪ್ರಿಲ್, ಟೆಲ್ಮಿಸಾರ್ಟನ್ ಕತೆಯೂ ಇದೇ. ಮೂತ್ರದಲ್ಲಿ ಪ್ರೋಟೀನ್ ಹೋಗುವವರಿಗೆ ಇವು ಕಿಡ್ನಿಯನ್ನೂ ಕಾಯುತ್ತವೆ. ರಾಮಿಪ್ರಿಲ್‌ನಿಂದ ಕೆಲವರಿಗೆ ಒಣಕೆಮ್ಮು ಬರ್ತದೆ, ಅವರು ಯಾರಿಗೂ ಹೇಳದೆ ಮಾತ್ರೆ ಬಿಡ್ತಾರೆ. ಹೇಳಿದ್ದರೆ ಡಾಕ್ಟರು ಬೇರೆ ಮಾತ್ರೆ ಬರೆದುಕೊಡುತ್ತಿದ್ದರು.

ಇದನ್ನು ಮೊದಲು ಗಮನಿಸಬಲ್ಲವರು ಮೆಡಿಕಲ್‌ನ ಫಾರ್ಮಸಿಸ್ಟ್. ಡಾಕ್ಟರನ್ನು ನಾವು ಕಾಣುವುದು ಮೂರು ತಿಂಗಳಿಗೊಮ್ಮೆ, ಮೆಡಿಕಲ್‌ಗೆ ಹೋಗುವುದು ತಿಂಗಳು ತಿಂಗಳು. ಮೂರು ಮಾತ್ರೆ ಒಯ್ಯುತ್ತಿದ್ದ ಮನೆ ಎರಡೇ ಒಯ್ದರೆ ಅವರಿಗೆ ತಿಳೀತದೆ. ಅಮೆರಿಕದ ಆಶ್‌ವಿಲ್ ನಗರಾಡಳಿತ 1990ರ ದಶಕದಲ್ಲಿ ತನ್ನ ಮಧುಮೇಹಿ ನೌಕರರನ್ನು ಫಾರ್ಮಸಿಸ್ಟರ ಜೊತೆ ನಿಯಮಿತವಾಗಿ ಕೂರಿಸಿ ಮಾತಾಡಿಸಿತು. ಶುಗರ್ ಹತೋಟಿಗೆ ಬಂತು, ಸಿಕ್ ಲೀವೂ ಇಳಿಯಿತು. ನಮ್ಮ ದೇಶದಲ್ಲಿ 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳು ರೋಗಿಗೆ ಸಲಹೆ ಕೊಡುವುದನ್ನು ಫಾರ್ಮಸಿಸ್ಟರ ಕರ್ತವ್ಯವೆಂದೇ ಹೇಳುತ್ತವೆ. ಕೌಂಟರಿನಲ್ಲಿ ಗಡಿಬಿಡಿಯಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವ ಹುಡುಗನಿಂದ ಅದು ಆಗುವ ಕೆಲಸವಲ್ಲ; ನೋಂದಾಯಿತ ಫಾರ್ಮಸಿಸ್ಟ್ ಯಾರೆಂದು ಕೇಳುವ ಹಕ್ಕು ನಮಗುಂಟು.

ಆದರೆ ನಮ್ಮ ಮನೆಗಳಲ್ಲಿ ತೊಡಕು ಬೇರೆಯೇ. ಉಮ್ಮ ಮೆಡಿಕಲ್‌ಗೆ ಹೋಗುವುದಿಲ್ಲ. ಹಳೇ ಸ್ಟ್ರಿಪ್ ಹಿಡಿದುಕೊಂಡು ಮೊಮ್ಮಗ ಓಡ್ತಾನೆ, ಅದೊಂದೇ ತರ್ತಾನೆ. ಫಾರ್ಮಸಿಸ್ಟ್ ಕೇಳುವುದಾದರೂ ಯಾರನ್ನು? ಮೇಲಿಂದ ಗಲ್ಫಿನ ಮಗ ಕಳಿಸಿದ ಡಬ್ಬಿ ಬೇರೆ. ಹೆಸರು ಬೇರೆ, ಒಳಗಿರುವುದು ಇಲ್ಲಿ ಕೊಂಡ ಅದೇ ಔಷಧ ಆಗಿರಬಹುದು. ಎರಡನ್ನೂ ನುಂಗಿದರೆ ಡೋಸ್ ದುಪ್ಪಟ್ಟು.

ಹಾಗಾಗಿ ಮನೆಯ ಒಬ್ಬ ದೊಡ್ಡವರು ಚೀಟಿ, ಗಲ್ಫಿನ ಡಬ್ಬಿ, ಉಳಿದ ಸ್ಟ್ರಿಪ್ ಎಲ್ಲ ಒಂದು ಚೀಲದಲ್ಲಿ ಹಾಕಿ, ರಶ್ ಇಲ್ಲದ ಹೊತ್ತಿಗೆ ಹೋಗಬೇಕು. ಉಮ್ಮನಿಗೆ ಫೋನ್ ಹಚ್ಚಿ ಕೊಟ್ಟರೆ ಇನ್ನೂ ಒಳ್ಳೇದು. “ಯಾವುದು ಬಿಟ್ಟಿದ್ದೀರಿ, ಯಾಕೆ?” ಎಂದು ಅವರು ನೇರ ಕೇಳಲಿ. ಮೈಕೈ ನೋವು, ಖರ್ಚು, ಮರೆವು, ಏನಿದ್ದರೂ ಹೇಳಬಹುದು. ಖರ್ಚಿನ ಮಾತಾದರೆ ಜನೌಷಧಿ ಕೇಂದ್ರದಲ್ಲಿ ಅಟೋರ್ವಾಸ್ಟಾಟಿನ್ ಕಡಿಮೆ ಬೆಲೆಗೆ ಸಿಗ್ತದೆ. ಮಾತ್ರೆ ಬದಲಿಸುವುದು, ನಿಲ್ಲಿಸುವುದು ಮಾತ್ರ ಡಾಕ್ಟರದೇ ತೀರ್ಮಾನ.

ರಮಝಾನಿಗೆ ಒಂದೆರಡು ತಿಂಗಳು ಇರುವಾಗಲೇ ಇದನ್ನು ಮುಗಿಸಿಕೊಳ್ಳಿ. ಅಟೋರ್ವಾಸ್ಟಾಟಿನ್ ದಿನಕ್ಕೊಂದೇ, ಇಫ್ತಾರ್ ನಂತರ ನುಂಗಿದರಾಯಿತು. ಶುಗರ್ ಮಾತ್ರೆ, ಇನ್ಸುಲಿನ್‌ನ ಹೊತ್ತು ಮತ್ತು ಡೋಸನ್ನು ಡಾಕ್ಟರ ಹತ್ತಿರವೇ ಬರೆಸಿಕೊಳ್ಳಬೇಕು.